ಮಂಜಿನ ಎಡಗಡೆ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತಿದ್ದ ಇಬ್ಬರು ಗೆಳೆಯರು ಜಗಳಕ್ಕೆ ಬಿದ್ದಿದ್ದರು.

"ರಾಚಯ್ಯ, ಟ್ರೆಕ್ಕಿಂಗ್ ಗ್ರೂಪಿಗೆ ನನ್ ಫೋಟೋನ ನಿಂದು ಅಂತ ಯಾಕ್ಲಾ ಹಾಕ್ದೆ?"

"ನಂದೇ ಕಣ್ಲಾ ರಂಗರಾಜು. ಮಾಗಿ ಚಳೀಲಿ ಗೋಪಾಲಸ್ವಾಮಿ ಬೆಟ್ಟ ಹತ್ತಿ ತೆಗ್ದಿದ್ದು."

ಇಣುಕಿದೆ. ಎರಡು ಫೋನಿನಲ್ಲೂ ಬರೀ ಬಿಳಿ ಮಂಜು.

"ನಂದ್ರಲ್ಲಿ ನನ್ನೆಂಡ್ರು ಭಾನು ನಿಂತವ್ಳೆ."

"ಎಲ್ಲಿ?"

"ಎಡಗಡೆ, ಮಂಜೊಳಗೆ."

"ನಂದ್ರಲ್ಲಿ ಎಡಗಡೆ ಆನೆ ಅದೆ."

ರಂಗರಾಜು ಎರಡೂ ಫೋನನ್ನು ಪಕ್ಕಪಕ್ಕ ಹಿಡಿದು ನೋಡಿದ.

"ಅಂಗಾರೆ ನಿಂದೇ ಅನ್ಕೊ, ನಂದು ಅಳಿಸ್ಬುಡ್ತೀನಿ. ಆನೆ ಪಕ್ಕ ನಿಲ್ಸಿದ್ದೆ ಅಂತ ಗೊತ್ತಾದ್ರೆ ಭಾನು ಮನೆಗೆ ಸೇರ್ಸಲ್ಲ."

"ಅವ್ರಿಗೆ ಗೊತ್ತು ಕಣ್ಲಾ. ಆನೆ ಚೆನ್ನಾಗಿ ಬಂದದೆ ಅಂತ ಬೆಳಿಗ್ಗೇನೇ ಗ್ರೂಪಲ್ಲಿ ಬರ್ದವ್ರೆ."

ತೆರಕಣಾಂಬಿ ಬಸ್ ಬಂತು. ರಂಗರಾಜು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ಹೆಂಡತಿಯನ್ನು ಹುಡುಕುತ್ತಾ ಹತ್ತಿದ.