ನದಿಗೆ ತೆರೆದ ಕಿಟಕಿ

ಲಂಡನ್ನಿನ ವಾಪಿಂಗ್ ಬಸ್ ನಿಲ್ದಾಣದಲ್ಲಿ ನನ್ನ ಮುಂದೆ ವಯಸ್ಸಾದ ಅಕ್ಕ-ತಮ್ಮ ನಿಂತಿದ್ದರು. ಥೇಮ್ಸ್ ದಂಡೆಯ ಹಳೇ ಪಬ್ಬಿನಿಂದ ಆಗಷ್ಟೇ ಹೊರಬಂದವರು.

“ಮುನ್ನೂರು ವರ್ಷದ್ದಂತೆ, ಹೆಟ್ಟಿ! ನೀರು ಕಿಟಕಿವರೆಗೂ ಬಂದು ಬಡೀತಿತ್ತು, ನೋಡ್ದ್ಯಾ?”

“ನೋಡ್ದೆ ಕಣೋ ಸಿರಿಲ್. ಮೈ ಜುಂ ಅಂತು.”

“ಅಪ್ಪ ದೋಣಿಯಿಂದ ಇಳೀದೇನೇ ಆ ಕಿಟಕೀಲಿ ಬಿಯರ್ ಈಸ್ಕೊಳ್ತಿದ್ದೆ ಅಂತಿದ್ದ. ಬರೀ ಬುರುಡೆ ಅಂದ್ಕೊಂಡಿದ್ದೆ.”

“ಅವನು ಸಾಯೋವರೆಗೂ ಆಡ್ಕೊಂಡು ನಕ್ಕೆಯಲ್ಲೋ.”

“ಕಿಟಕಿ ಕೆಳಗೆ ದೋಣಿ ಕಟ್ಟೋ ಉಂಗುರ ಇದೆ ಕಣೇ. ಕೈ ಚಾಚಿ ಮುಟ್ಟಿದೆ. ಹಗ್ಗ ಉಜ್ಜಿ ಉಜ್ಜಿ ಕಬ್ಬಿಣಾನೇ ಸವೆದುಹೋಗಿದೆ.”

“ಗ್ಲಾಸು ಹಿಡ್ಕೊಂಡು ಅಷ್ಟು ಹೊತ್ತು ಅಲ್ಲೇನು ಮಾಡ್ತಿದ್ದೆ?”

“ಅರ್ಧ ಕುಡ್ದೆ. ಉಳಿದರ್ಧ ಕಿಟಕಿಯಿಂದ ನದಿಗೆ ಸುರ್ದೆ. ಅಪ್ಪಂಗೆ.”

ಬಸ್ಸು ಬಂತು. ಹೆಟ್ಟಿ ತಮ್ಮನ ತೋಳು ಹಿಡಿದು ಹತ್ತಿಸಿದಳು.