ಸೆರಗಿನೊಳಗಿನ ಕೈ

ವಿಜಯವಾಡ ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ತಡ, ಬ್ಯಾಂಕ್ ಗುಮಾಸ್ತ ಶ್ರೀಕಂಠ ಪೇಪರು ಮಡಚಿದ. ವರ್ಗವಾಗಿ ವಿಶಾಖಪಟ್ಟಣಕ್ಕೆ ಹೋಗಿ ಎರಡು ವರ್ಷವಾಗಿತ್ತು; ಬ್ಯಾಂಕಿನ ಕೆಲಸಕ್ಕೆಂದು ಇಲ್ಲಿಗೆ ಬಂದಿದ್ದವನು ಕನ್ನಡಕ್ಕೆ ಹಸಿದಿದ್ದ. ಎದುರು ಬೆಂಚಿನಲ್ಲಿ ಅಕ್ಕ ತಂಗಿ ಕೂತಿದ್ದರು.

“ನೀನು ಬರೆದ ಚಿತ್ರಕ್ಕೆ ಬಹುಮಾನ ಬಂದಿದೆ. ಮುಖ ಯಾಕೆ ಹೀಗೆ ಮಾಡ್ಕೊಂಡಿದೀಯ, ಅನಸೂಯಾ?”

“ಅದರಲ್ಲಿರೋದು ನಮ್ಮನೆ ಕೆಲಸದ ಕೋಟೇಶ್ವರಮ್ಮ, ಅಕ್ಕಾ. ಅವಳೂರಿನ ಗದ್ದೇಲಿ ನಾಟಿ ಹಾಕುವಾಗ ನೋಡಿದ್ದೆ.”

“ಹಸಿರು ಮುಖ, ಮೊರದಷ್ಟು ಕೈ. ಅವಳು ಹಾಗೆಲ್ಲಿದಾಳೆ?”

“ಕಂಡದ್ದನ್ನಲ್ಲ, ನನಗೆ ಅನಿಸಿದ್ದನ್ನ ಬರೆದೆ. ಅವಳು ದುಡಿದದ್ದೆಲ್ಲಾ ಆ ಕೈಯಲ್ಲಿ ಕಾಣಲಿ ಅಂತ.”

“ಅವಳನ್ನ ಕೇಳಿ ಬರೆದ್ಯಾ?”

“ಇಲ್ಲ. ಖುಷಿಪಡ್ತಾಳೆ ಅಂತ ಎಕ್ಸಿಬಿಷನ್ನಿಗೆ ಕರಕೊಂಡು ಹೋದೆ. ಮದುವೆ ಸೀರೆ ಉಟ್ಕೊಂಡು ಬಂದ್ಲು. ಅಲ್ಲಿ ಯಾರೋ ಆ ಕೈ ನೋಡಿ ನಕ್ಕರು.”

“ಏನಂದ್ಲು?”

“ಅವತ್ತಿಂದ ಕಾಫಿ ಲೋಟಾನೂ ಸೆರಗಲ್ಲಿ ಕೈ ಮುಚ್ಕೊಂಡೇ ಕೊಡ್ತಾಳೆ.”

“ತಪ್ಪಾಯ್ತು ಅನ್ನಬಾರದಿತ್ತಾ?”

“ದಿನಾ ಅಂದ್ಕೋತೀನಿ. ಲೋಟ ಇಸ್ಕೊಂಡು ಒಳಗೆ ಹೋಗ್ತೀನಿ.”

“ಸಾಕು, ಬಂದ್ಲು.”

ನಲ್ಲಿಯಲ್ಲಿ ಕೂಜಾ ತುಂಬಿಸಿಕೊಂಡು ಕೋಟೇಶ್ವರಮ್ಮ ಒಳಗೆ ಬಂದಳು. ಬೇಡ ಬೇಡವೆಂದರೂ ಶ್ರೀಕಂಠನ ಕಣ್ಣು ನೆಟ್ಟಗೆ ಹೋದದ್ದು ಅವಳ ಕೈಗೆ. ಅವನ ತಾಯಿಯ ಕೈಯಷ್ಟೇ ಇತ್ತು. ಅವನು ನೋಡುತ್ತಿರುವುದನ್ನು ಅವಳು ಕಂಡಳು.

ಗಾಡಿ ಬಂತು. ಅಕ್ಕ ತಂಗಿ ಎದ್ದು ಹೊರಟರು. ಕೋಟೇಶ್ವರಮ್ಮ ಕೂಜಾ ಕೆಳಗಿಟ್ಟು, ಸೆರಗೆಳೆದು ಎರಡೂ ಕೈಗೆ ಸುತ್ತಿಕೊಂಡು, ಮತ್ತೆ ಎತ್ತಿಕೊಂಡು ಅವರ ಹಿಂದೆ ನಡೆದಳು.