ಆ ಕೆಂಪು ಕಾರ್ಡು ವಾಪಸ್ ತಗೊಳ್ಳಿ

ಕಾಫಿ ಬ್ಯಾಡ ಮೇಷ್ಟ್ರೆ, ಒಳಗೆ ತಗೊಂಡೋಗಕ್ಕೆ ಹೇಳಿ! ನಿಮ್ಮನೆ ಕಾಫಿ ಕುಡಿಯಕ್ಕೆ ಕಳಸದಿಂದ ಬಸ್ಸು ಹತ್ತಿ ಬಂದಿಲ್ಲ ನಾನು. ಆಗ್ಲೇ ಕೇಳ್ದೆ, ಮತ್ತೆ ಕೇಳ್ತೀನಿ... ನಿನ್ನೆ ಮ್ಯಾಚಲ್ಲಿ ನನ್ನ ಮೊಮ್ಮಗ ಅರುಣಂಗೆ ಕೆಂಪು ಕಾರ್ಡು ತೋರ್ಸಿ ಆಚೆ ಅಟ್ಟಿದ್ರಲ್ಲ, ಏನು ಕಂಡ್ರಿ? ಗುದ್ದಿದ್ದು ಕಂಡ್ರಾ?

ಯಾಕೆ ನಗ್ತೀರಿ? ನಗಬೇಡಿ! ಈ ಗುರುವಯ್ಯ ಮೇಸ್ತ್ರಿ ಅಂದ್ರೆ ಎಸ್ಟೇಟಿಗೆ ಎಸ್ಟೇಟೇ ಗಡಗಡ ಅಂತಿತ್ತು. ನಾನು ಒದ್ದ ಬಾಲು ಬಲೆ ಹರ್ಕೊಂಡು ತೋಟಕ್ಕೆ ಹೋಗಿ ಬೀಳ್ತಿತ್ತು. ಬರಿಗಾಲಲ್ಲಿ! ಆವಾಗ ನಿಮಗೆ ಸೀಟಿ ಹಿಡಿಯಕ್ಕೂ ಬರ್ತಿರ್ಲಿಲ್ಲ.

ಕಮಿಟಿ ಪರಮೇಶ್ವರಪ್ಪೋರು ಹೇಳಿದಾರೆ. ರೆಫ್ರಿನೇ ತಪ್ಪಾಯ್ತು ಅಂದ್ರೆ ಕಾರ್ಡು ರದ್ದಂತೆ, ಅರುಣ ಭಾನುವಾರ ಫೈನಲ್ ಆಡಬೋದಂತೆ. ಕಂಪನಿ ಟೀಮಿನೋರು ಹುಡುಗ್ರನ್ನ ಆರಿಸಕ್ಕೆ ಬರ್ತಾರೆ ಅವತ್ತು. ಆರಿಸಿದ್ರೆ ಕೆಲ್ಸ! ಒಂದು ಮಾತು ಅಂದ್ರೆ ನಿಮ್ಮ ಗಂಟೇನ್ರಿ ಹೋಗುತ್ತೆ?

ಕೇಳ್ರಿ ಇಲ್ಲಿ, ನಡೆದಿದ್ದು ಇಷ್ಟೇ!

ಕಾರ್ನರಿಂದ ಬಾಲು ಬಂತು. ಅರುಣ ಹಾರ್ದ. ಆ ಮಲ್ಲಂದೂರು ಟೀಮಿನ ಗೋಲಿ, ಗೋಲು ಕಾಯೋ ಪ್ರಶಾಂತನೂ ಹಾರ್ದ. ಇವನ ಅಂಗೈ ಅವನ ಮುಖ ಸವರ್ಕೊಂಡು ಹೋಯ್ತು. ಸವರಿದ್ದು ಮಾರಾಯ್ರೆ, ಗುದ್ದಿದ್ದಲ್ಲ! ಗುದ್ದಿದ್ರೆ ದವಡೆ ಊದಬೇಕಿತ್ತು. ಊದಿದ್ಯಾ? ಇಲ್ಲ!

ಏನು ಹಂಗೆ ನೋಡ್ತೀರಿ? ಮತ್ತೆ ಯಾಕೆ ಕಿರುಚ್ದ ಅಂತಾನಾ? ಕಿರುಚ್ದೆ ಏನ್ಮಾಡ್ತಾನೆ! ಕಣ್ಣಿಗೆ ಸುಣ್ಣ ಬಿದ್ರೆ ನೀವಾದ್ರೆ ಹಾಡು ಹೇಳ್ತೀರಾ?

...ಯಾಕೆ ಎದ್ರಿ? ಕೂತ್ಕೊಳ್ಳಿ. ಸುಣ್ಣ... ಸುಣ್ಣ ಅಂದ್ನಾ? ಹ್ಞೂಂ, ಅಂದೆ. ಅದೇನು ದೊಡ್ಡ ಗುಟ್ಟಾ! ಈ ಮಳೇಲಿ ಮೈದಾನದ ತುಂಬ ಇಂಬಳ. ರಕ್ತ ಹೀರ್ದೆ ಬಿಡ್ತಾವಾ? ಹೊಗೆಸೊಪ್ಪು ಸುಣ್ಣ ತಿಕ್ಕಿ ಕಾಲಿಗೆ ಹಚ್ಕೊಂಡೇ ಇಳಿಯೋದು ಎಲ್ರೂ. ಹಚ್ಚೋವಾಗ ಕೈಗೂ ಒಂಚೂರು ಮೆತ್ತುತ್ತೆ...

ಆಸ್ಪತ್ರೆಲಿ ಯಾಕೆ ಹೇಳ್ಲಿಲ್ಲ ಅಂತ ಕಣ್ಣಲ್ಲೇ ಕೇಳಬೇಡಿ ನನ್ನ! ಡಾಕ್ಟ್ರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ...ಹೌದ್ರೀ, ಹೋಗಿದ್ದೆ. ಬಾಗಿಲಲ್ಲೇ ನಿಂತು ನೋಡ್ದೆ. ಪ್ರಶಾಂತನ ಎರಡೂ ಕಣ್ಣಿಗೆ ಬಟ್ಟೆ ಕಟ್ಟಿದ್ರು. ಅವನವ್ವ ದ್ಯಾವಮ್ಮ ಪಕ್ಕದಲ್ಲಿ ಕೂತಿದ್ಲು. ವಾಪಸ್ ಬಂದೆ.

ಬಯ್ರಿ! ಕಾಲಿಗೆ ಹಚ್ಚೋದು ಅಂಗೈ ತುಂಬ ಹೆಂಗೆ ಬಂತು ಅಂತ ತಾನೇ? ಬಂತು! ಹೆಂಗೋ ಬಂತು! ಒಂದು ಗಳಿಗೆ ಕಣ್ಣು ಮುಚ್ಕೊಂಡಿದ್ರೆ ಸಾಕಿತ್ತು ಆ ಗೋಲಿ. ಕುರುಡಾಗ್ಲಿ ಅಂತ ಯಾವ ನನ್ಮಗ ಅಂದ?

ಸ್ಕೂಟರ್ ಕೀ ಯಾಕೆ? ಆಸ್ಪತ್ರೆಗಾ? ಹೋಗಿ. ಸುಣ್ಣ ಅಂತ ಹೇಳಿ, ಬೇಗ ಹೇಳಿ. ಆದ್ರೆ ಕಾರ್ಡು? ಮೇಷ್ಟ್ರೆ, ಕಾರ್ಡಿಂದೇನು? ಅರುಣಂದು ತಪ್ಪಿಲ್ಲ! ಹಾಫ್ ಟೈಮಲ್ಲಿ ಕೈ ಚಾಚು ಅಂದೆ, ಚಾಚ್ದ. ಹೊಗೆಸೊಪ್ಪು ಸುಣ್ಣ ಅಂಗೈ ತುಂಬ ನಾನೇ ಬಳಿದೆ. ಏನ್ ತಾತ ಇದು, ಗಬ್ಬು ವಾಸ್ನೆ ಅಂದ. ಗೆರೆ ಆಚೆಯಿಂದ ಬಾಲು ಎಸೆಯೋವಾಗ ಜಾರಲ್ಲ ಕಣೋ, ಕಾರ್ನರ್ ಬಂದ್ರೆ ಗೋಲಿ ಮುಂದೆ ಕೈ ಎತ್ಕೊಂಡು ನಿಂತ್ಕೋ ಅಂದೆ...

ನಂಬ್ದ ಮಾರಾಯ್ರೆ.